ಸುಮ್ಮಗೆರೆಯ ಹತ್ತು ಸಾವಿರದನೆಯ ಪ್ರವಾಸಿ

ಬಹಳ ಹಿಂದೆ, ಅರಸರಿಗೆ ನಿದ್ದೆ ಬಾರದಿದ್ದರೆ ಅದನ್ನು ರಾಜ್ಯದ ಸಮಸ್ಯೆಯೆಂದು ಕಡತದಲ್ಲಿ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ, ವೈಭೋಗಪುರವೆಂಬ ರಾಜ್ಯವೊಂದಿತ್ತು. ಶ್ರೀಮನ್ಮಹಾರಾಜ ಪ್ರಸನ್ನವದನ ಭೂಪಾಲರು ಅದನ್ನು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ ಬೆಳಗಿನಿಂದ ಸಂಜೆಯವರೆಗೆ ಉದ್ಘಾಟನೆ ಮಾಡುತ್ತಿದ್ದರು. ಸೇತುವೆಯನ್ನು ಉದ್ಘಾಟಿಸಿದರು; ಸೇತುವೆಯ ಕೆಳಗಿನ ಹೊಳೆಯನ್ನು ಉದ್ಘಾಟಿಸಿದರು; ಹೊಳೆ ಬತ್ತಿದ ಮೇಲೆ ಕಾಣಿಸಿಕೊಂಡ ಮರಳನ್ನೂ ಬಿಡಲಿಲ್ಲ. ಇಷ್ಟೆಲ್ಲ ರಾಜಕಾರ್ಯದ ನಡುವೆ ಅವರಿಗೆ ಹನ್ನೊಂದು ವರ್ಷಗಳಿಂದ ನೆಟ್ಟಗೆ ನಿದ್ದೆ ಬಂದಿರಲಿಲ್ಲ. ಅದರ ಪರಿಹಾರಕ್ಕೆಂದು ನೇಮಕವಾಗಿದ್ದ ನಿದ್ರಾ ಸಮಿತಿಯ ಸದಸ್ಯರು ಮಾತ್ರ ಪ್ರತಿ ಸಭೆಯಲ್ಲೂ ಸೊಗಸಾಗಿ ನಿದ್ದೆ ಮಾಡಿ ವರದಿ ಸಲ್ಲಿಸುತ್ತಿದ್ದರು.

ಆದರೆ ಈ ಕಥೆ ಮಹಾರಾಜರದಲ್ಲ. ಸುಮ್ಮಗೆರೆಯ ಮಂಚಮ್ಮನದು.

ಸುಮ್ಮಗೆರೆ ಎಂಬುದು ರಾಜ್ಯದ ಒಂದು ಮೂಲೆಯಲ್ಲಿದ್ದ ಕೆರೆಯಂಚಿನ ಊರು. ಜನಸಂಖ್ಯೆ ನಾನೂರ ಹನ್ನೆರಡು. ಕೋಟೆಯಿಲ್ಲ, ಶಾಸನವಿಲ್ಲ, ಯಾವ ಋಷಿಯೂ ಅಲ್ಲಿ ತಪಸ್ಸು ಮಾಡಿದ ಸುದ್ದಿಯಿಲ್ಲ. ಕೆರೆಯಿತ್ತು, ಕೆರೆಯಲ್ಲಿ ನೀರಿತ್ತು, ನೀರಿನಲ್ಲಿ ಬೇಕಾದಷ್ಟು ಮೀನಿತ್ತು. ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ಈ ದಡದಲ್ಲಿ ಅತ್ತೆಯನ್ನು ಬೈದರೆ ಆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆಗೆ ಕೇಳುತ್ತಿತ್ತು. ಹಾಗಾಗಿ ಆ ಊರಿನವರು ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದರು. ಕೆಲವರು ಮಾತಾಡುವುದನ್ನೇ ಬಿಟ್ಟಿದ್ದರು.

ಆ ಊರಿಗೆ ಒಂದೇ ಒಂದು ಕಟ್ಟಳೆಯಿತ್ತು. ಅದಕ್ಕೆ ‘ಜೊತೆ ಕೊಡುವುದು’ ಎನ್ನುತ್ತಿದ್ದರು. ಬಂದ ನೆಂಟ ಏನೇ ಮಾಡಲಿ, ಅದನ್ನು ಅವನೊಬ್ಬನೇ ಮಾಡುವಂತೆ ಬಿಡಬಾರದು. ಅವನು ಉಣ್ಣುತ್ತಿದ್ದರೆ ಹೊಟ್ಟೆ ತುಂಬಿದವರೂ ಎದುರಿಗೆ ಕೂತು ಎರಡು ತುತ್ತು ಉಣ್ಣಬೇಕು. ಅವನು ಕೆರೆಗಿಳಿದರೆ ಇವರೂ ಇಳಿಯಬೇಕು. ಒಮ್ಮೆ ಯಾರದೋ ಮನೆಯ ಷಡ್ಡಕ ಎಮ್ಮೆ ಕಳೆದುಕೊಂಡು ಬಂದು ಜಗಲಿಯ ಮೇಲೆ ಅತ್ತಾಗ, ಯಾಕೆಂದು ಕೇಳದೆ ಹನ್ನೊಂದು ಮಂದಿ ಸುತ್ತ ಕೂತು ಅತ್ತಿದ್ದರು. ಕಾರಣ ಹೇಳುವಷ್ಟು ಅವನಿಗೆ ಸಮಾಧಾನವಾಗುವ ಹೊತ್ತಿಗೆ ಎಮ್ಮೆ ತಾನಾಗಿಯೇ ಮನೆಗೆ ಬಂದಿತ್ತಂತೆ.

ಮಂಚಮ್ಮ ಕೆರೆಯಲ್ಲಿ ಹರಿಗೋಲು ಹಾಕುವವಳು. ಮೂವತ್ತು ವರ್ಷದಿಂದ ಜನರನ್ನೂ ಕುರಿಗಳನ್ನೂ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಸಾಗಿಸುತ್ತಿದ್ದಳು. ಬಿದಿರಿನ ದಬ್ಬೆ ಸೀಳಿ, ದೊಡ್ಡ ಬುಟ್ಟಿಯಂತೆ ಹೆಣೆದು, ಕೆಳಗೆ ಗೋಣಿ ಸುತ್ತಿ ಡಾಂಬರು ಬಳಿದ ಆ ಹರಿಗೋಲನ್ನು ಅವಳೇ ಕಟ್ಟಿದ್ದಳು. ಗಂಡ ತೀರಿಕೊಂಡ ವರ್ಷ ಅವಳು ಹೆಚ್ಚು ಅತ್ತದ್ದು ಆ ಹರಿಗೋಲಿನೊಳಗೇ. ಕೆರೆಯ ನಡುವೆ ಯಾರೂ ಜೊತೆ ಕೊಡಲು ಬರುವುದಿಲ್ಲವಲ್ಲ.

ಒಂದು ದಿನ ಮಹಾರಾಜರು ಯಾವುದೋ ಉದ್ಘಾಟನೆ ಮುಗಿಸಿ ಹಿಂದಿರುಗುವಾಗ ಸುಮ್ಮಗೆರೆಯ ಬಳಿ ರಥದ ಗಾಲಿ ಮುರಿಯಿತು. ಆ ರಥವನ್ನು ಅವರು ಅದೇ ಬೆಳಿಗ್ಗೆ ಉದ್ಘಾಟಿಸಿದ್ದರು. ಗಾಲಿ ಸಿದ್ಧವಾಗುವವರೆಗೆ ಹೊತ್ತು ಕಳೆಯಲೆಂದು ಮಹಾರಾಜರನ್ನೂ ವಿಹಾರಮಂತ್ರಿ ದುಂದುಭಿರಾಯರನ್ನೂ ಮಂಚಮ್ಮನ ಹರಿಗೋಲಿನಲ್ಲಿ ಕೂರಿಸಲಾಯಿತು.

ಹತ್ತಿದ ಕೂಡಲೇ ಮಹಾರಾಜರು ಕೇಳಿದರು: “ನಾವು ಎಲ್ಲಿ ಕೂರಬೇಕು? ಇದರ ಮುಂಭಾಗ ಯಾವುದು?”

ದುಂದುಭಿರಾಯರು ಕೈಮುಗಿದರು. “ಮಹಾಪ್ರಭು, ತಾವು ಕುಳಿತ ಕಡೆಯೇ ಮುಂಭಾಗ.”

ಮಂಚಮ್ಮ ಹುಟ್ಟು ಹಾಕಿದಳು. ಕೆರೆಯ ನಡುವೆ ತಣ್ಣನೆ ಗಾಳಿ ಬಂತು. ಮಹಾರಾಜರು ಆಕಳಿಸಿದರು. ಮಂಚಮ್ಮನೂ ಆಕಳಿಸಿದಳು.

“ನೀನೇಕೆ ಆಕಳಿಸಿದೆ?”

“ತಾವೊಬ್ರೇ ಆಕಳಿಸ್ತಿದ್ರಲ್ಲ ಬುದ್ಧಿ.”

ಮಹಾರಾಜರ ಬಾಳಿನಲ್ಲಿ ಅವರ ಆಕಳಿಕೆಗೆ ಇಷ್ಟು ಪ್ರಾಮಾಣಿಕ ಬೆಂಬಲ ಯಾರಿಂದಲೂ ಸಿಕ್ಕಿರಲಿಲ್ಲ. ಅವರು ಹಾಗೆಯೇ ಒರಗಿದರು. ಒರಗಿದವರು ಎರಡು ಗಂಟೆ ಗೊರಕೆ ಹೊಡೆದರು. ಎದ್ದಾಗ ಕಣ್ಣು ತಿಳಿಯಾಗಿತ್ತು.

“ನಾವೀಗ ಏನು ಮಾಡಿದೆವು?”

“ಏನೂ ಮಾಡ್ನಿಲ್ಲ ಬುದ್ಧಿ,” ಎಂದಳು ಮಂಚಮ್ಮ.

“ಮಂತ್ರಿಗಳೇ, ಏನೂ ಮಾಡದಿರುವುದು ಇಷ್ಟು ಹಿತವೆಂದು ನೀವು ನಮಗೆ ಹೇಳಲೇ ಇಲ್ಲ.”

“ಹೇಳುವುದೇನಿದೆ ಮಹಾಪ್ರಭು, ಪಟ್ಟಕ್ಕೆ ಬಂದಂದಿನಿಂದ ತಾವು ಅದನ್ನೇ...” ಎಂದು ಶುರುಮಾಡಿದ ದುಂದುಭಿರಾಯರು ವಾಕ್ಯದ ಮುಂದಿನ ತಿರುವನ್ನು ದೂರದಿಂದಲೇ ಕಂಡು ಕೆಮ್ಮಿದರು. “...ಪ್ರಜೆಗಳಿಗಾಗಿ ತ್ಯಾಗ ಮಾಡಿದ್ದೀರಿ.”

“ಹಾಗಾದರೆ ಪ್ರಜೆಗಳಿಗೂ ಇದು ಸಿಗಲಿ. ಎಲ್ಲರೂ ಇಲ್ಲಿಗೆ ಬಂದು ಏನೂ ಮಾಡದೆ ಹೋಗಲಿ. ಇದು ನಮ್ಮ ಅಪ್ಪಣೆ.”

ಮಂಚಮ್ಮ ದಡ ಮುಟ್ಟಿಸಿ, ಇಬ್ಬರನ್ನೂ ಇಳಿಸಿ, ಆ ದಡದಲ್ಲಿ ಕಾಯುತ್ತಿದ್ದ ಕುರಿಗಳನ್ನು ಕರೆತರಲು ಹೊರಟಳು. ದೊಡ್ಡವರ ಮಾತು ದೊಡ್ಡವರೊಂದಿಗೆ ಹೋಗುತ್ತದೆ ಎಂದು ಅವಳು ತಿಳಿದಿದ್ದಳು. ಈ ಒಂದು ಮಾತು ಸಮಿತಿಗೆ ಹೋಗಿ, ಯೋಜನೆಯಾಗಿ ಮರಳಿ ಬಂತು.

ಯೋಜನೆಯ ಹೆಸರು ‘ಸಮಗ್ರ ನಿಶ್ಚಿಂತಾ ಬಹಿರಂಗ ವಿಹಾರ ಅಭಿಯಾನ’. ಡಂಗುರದವನು ಕೆರೆಯಂಚಿನ ನೇರಳೆ ಮರದ ಕೆಳಗೆ ನಿಂತು ಓದಿದ. ಅದರ ಸಾರಾಂಶ ಇಷ್ಟು: ಸುಮ್ಮಗೆರೆಗೆ ಬರುವ ನವರಾತ್ರಿಯೊಳಗೆ ಹತ್ತು ಸಾವಿರ ಪ್ರವಾಸಿಗರು ಬರತಕ್ಕದ್ದು. ಬಂದವರು ಹೆಸರು, ಊರು, ಬಂದ ಕಾರಣ ಮತ್ತು ಅಭಿಪ್ರಾಯವನ್ನು ಪ್ರವಾಸಿ ಪುಸ್ತಕದಲ್ಲಿ ಬರೆಯತಕ್ಕದ್ದು. ಉಳಿದವರಿಗೂ ಅವಕಾಶವಾಗಬೇಕಾದ್ದರಿಂದ ಯಾವ ಪ್ರವಾಸಿಯೂ ಮೂರು ದಿನಕ್ಕಿಂತ ಹೆಚ್ಚು ತಂಗತಕ್ಕದ್ದಲ್ಲ. ಹತ್ತು ಸಾವಿರದನೆಯ ಪ್ರವಾಸಿಗೆ ಸ್ವತಃ ಮಹಾರಾಜರು ಕಿರೀಟ ತೊಡಿಸಿ, ಕೇಳಿದ ಒಂದು ವರವನ್ನು ಕೊಡುವರು.

ಮರದ ಕಟ್ಟೆಯ ಮೇಲೆ ಗಾಳ ಹಿಡಿದು ಕೂತಿದ್ದ ಜವರಪ್ಪ ತಲೆಯಾಡಿಸಿದ. ಮಂಚಮ್ಮನ ಪಕ್ಕದ ಮನೆಯವನಾದ ಅವನು ಸುಮ್ಮನೆ ಕೂರುವ ವಿದ್ಯೆಯಲ್ಲಿ ಊರಿಗೇ ಹಿರಿಯ. “ಮೂರು ದಿನದ ಕಾನೂನು ಒಳ್ಳೇದು ಮಂಚಕ್ಕ. ನನ್ ಬಾಮೈದ ಬಂದ್ರೆ ಮೂರು ತಿಂಗ್ಳು ಏಳಾಕಿಲ್ಲ. ಇದ್ನ ಮೊದ್ಲೇ ತರ್ಬೇಕಿತ್ತು.”

ಅಭಿಯಾನದ ಜೊತೆಗೆ ವಿಹಾರ ನಿರೀಕ್ಷಕ ಸಂಪನ್ನಯ್ಯನೂ ಬಂದ. ಸಣಕಲು ಆಳು, ಕಂಕುಳಲ್ಲಿ ಕಡತ, ಕೊರಳಲ್ಲಿ ಸೀಟಿ, ಮುಖದಲ್ಲಿ ಗುರಿ ಮುಟ್ಟದಿದ್ದರೆ ಏನಾದೀತೆಂಬ ಭಯ. ಗುರಿ ಮುಟ್ಟದ ನಿರೀಕ್ಷಕರನ್ನು ಬತ್ತಿದ ಹೊಳೆಗಳ ದೋಣಿ ಇಲಾಖೆಗೆ ವರ್ಗ ಮಾಡುತ್ತಿದ್ದರು.

ಏನೂ ಮಾಡದಿರುವುದಕ್ಕೆ ಮೂಲಸೌಕರ್ಯ ಬೇಕಲ್ಲವೇ. ಎಂಟು ಪೆಡಲ್ ದೋಣಿಗಳು ಬಂದವು. ಹಂಸದ ಆಕಾರದವು, ಆದರೆ ಗುತ್ತಿಗೆದಾರನ ರಾಜಭಕ್ತಿಯಿಂದಾಗಿ ಹಂಸಗಳಿಗೆಲ್ಲ ಮಹಾರಾಜರ ಮೀಸೆಯಿತ್ತು. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಜಿಪ್‌ಲೈನ್ ಮಾಡಿದರು. ದಡದುದ್ದಕ್ಕೂ ಫಲಕ ನೆಟ್ಟರು: ‘ಇಲ್ಲಿ ಕುಳಿತುಕೊಳ್ಳಿ’, ‘ಇಲ್ಲಿ ನಿಟ್ಟುಸಿರು ಬಿಡಿ’, ‘ಇಲ್ಲಿಂದ ಮುಂದೆ ಮನಸ್ಸು ಹಗುರವಾಗುತ್ತದೆ’. ಕೆರೆಯ ಎದುರಿಗೆ ಐವತ್ತು ಅಡಿಯ ಫ್ಲೆಕ್ಸ್ ಎದ್ದಿತು. ಅದರ ಮೇಲೆ ‘ಸುಮ್ಮಗೆರೆಯ ರಮಣೀಯ ಕೆರೆಯ ನೋಟ’ ಎಂದು ಬರೆದು ಕೆರೆಯ ಚಿತ್ರ ಹಾಕಿದ್ದರು. ಅದರ ಹಿಂದೆ ಕೆರೆಯಿತ್ತು. ಅದು ಯಾರಿಗೂ ಕಾಣುತ್ತಿರಲಿಲ್ಲ.

“ಚಿತ್ರದ ಕೆರೇಲಿ ನೀರು ಜಾಸ್ತಿ ಅದೆ,” ಎಂದ ಜವರಪ್ಪ. “ಆದ್ರೆ ಗಾಳ ಹಾಕಾಕಾಗಲ್ಲ.”

ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕು ದಿಕ್ಕಿಗೆ ನಾಲ್ಕು ಧ್ವನಿವರ್ಧಕಗಳು ಬಂದವು. ಗಂಟೆಗೆ ನಾಲ್ಕು ಸಲ ಅವು ಏಕಕಂಠದಿಂದ “ದಯವಿಟ್ಟು ಮೌನವನ್ನು ಅನುಭವಿಸಿ” ಎಂದು ಕೂಗುತ್ತಿದ್ದವು. ಮೊದಲ ದಿನವೇ ಬೆಳ್ಳಕ್ಕಿಗಳು ಮೌನವನ್ನು ಅನುಭವಿಸಲು ಬೇರೆ ಕೆರೆಗೆ ಹೋದವು.

ಆಮೇಲೆ ಸಂಪನ್ನಯ್ಯ ನೀರಿನ ಮೇಲಿರುವ ವಾಹನಗಳ ನೋಂದಣಿಗೆ ಇಳಿದ. ಮಂಚಮ್ಮನ ಹರಿಗೋಲನ್ನು ಮೂರು ಸುತ್ತು ಸುತ್ತಿದ.

“ಇದರ ಮುಂಭಾಗ ಯಾವುದಮ್ಮ? ನಂಬರು ಬರೆಸಬೇಕು.”

“ಇದಕ್ಕೆ ಮುಂದೆ ಇಂದೆ ಇಲ್ಲ ಸ್ವಾಮಿ. ಗುಂಡಗದೆ.”

“ಹಿಂಭಾಗವನ್ನಾದರೂ ತೋರಿಸು. ಅದರ ಎದುರಿಗಿರುವುದನ್ನೇ ಮುಂಭಾಗ ಎಂದು ಬರೆದುಕೊಳ್ಳುತ್ತೇನೆ.”

“ಅದೂ ಇಲ್ಲ ಅಂದ್ನಲ್ಲ.”

“ಮತ್ತೆ ಇದು ಮುಂದಕ್ಕೆ ಹೋಗುವುದು ಹೇಗೆ?”

“ನಾನು ವೋಯ್ತೀನಲ್ಲ ಸ್ವಾಮಿ, ನನ್ ಜೊತೇಲಿ ಅದೂ ಬತ್ತದೆ.”

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುಂಭಾಗವಿಲ್ಲದ ವಾಹನ ಪ್ರಗತಿಗೆ ವಿರುದ್ಧವಾದುದು ಎಂದು ಷರಾ ಬರೆದು, ಹರಿಗೋಲನ್ನು ದಡಕ್ಕೆಳೆಸಿ, ಬೋರಲು ಹಾಕಿಸಿ, ಅರಗಿನ ಮುದ್ರೆ ಒತ್ತಿ ಸಂಪನ್ನಯ್ಯ ಹೊರಟುಹೋದ.

ಹರಿಗೋಲು ನೀರಿನಲ್ಲಿದ್ದರೆ ಬಾಳುತ್ತದೆ. ಬಿಸಿಲಿಗೆ ಬಿದ್ದರೆ ಡಾಂಬರು ಇಳಿಯುತ್ತದೆ, ದಬ್ಬೆ ಬಿರುಕು ಬಿಡುತ್ತದೆ. ಒಂದು ತಿಂಗಳು ಹೀಗೇ ಬಿದ್ದರೆ ಒಲೆಗೆ ಹಾಕುವುದಕ್ಕಷ್ಟೇ ಬರುತ್ತದೆ ಎಂದು ಮಂಚಮ್ಮನಿಗೆ ಗೊತ್ತಿತ್ತು. ಅವಳು ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕೊಡದಲ್ಲಿ ನೀರು ತಂದು ಅದರ ಬೆನ್ನ ಮೇಲೆ ಸುರಿಯುತ್ತ ಕೂತಳು. ಮುದ್ರೆಗೆ ಮಾತ್ರ ನೀರು ತಾಗದಂತೆ ಕೈ ಅಡ್ಡ ಹಿಡಿಯುತ್ತಿದ್ದಳು. ಸರ್ಕಾರದ್ದು, ಕರಗಿದರೆ ತನ್ನ ಮೇಲೆ ಬರುತ್ತದೆ ಎಂದು. ಜವರಪ್ಪ ಬಂದು ಏನೂ ಕೇಳದೆ ಇನ್ನೊಂದು ಕೊಡ ಹೊತ್ತ.

ಹೀಗೆ ಎಲ್ಲವೂ ಸಿದ್ಧವಾಯಿತು. ಪ್ರವಾಸಿಗರು ಮಾತ್ರ ಬರಲಿಲ್ಲ. ಒಟ್ಟು ಇಬ್ಬರು ಬಂದರು: ವಯಸ್ಸಾದ ಗಂಡಹೆಂಡತಿ, ಒಂದಿಷ್ಟು ಹೊತ್ತು ಸುಮ್ಮನೆ ಕೂರಬೇಕೆಂದರು. ಅವರಿಗೆ ಲೈಫ್ ಜಾಕೆಟ್ ತೊಡಿಸಿ, ಮೀಸೆಯ ಹಂಸದಲ್ಲಿ ಪೆಡಲ್ ತುಳಿಸಿ, ನಿಟ್ಟುಸಿರಿನ ಫಲಕದ ಬಳಿ ನಿಲ್ಲಿಸಿ ಫೋಟೋ ತೆಗೆದು, ಜಿಪ್‌ಲೈನಿನ ಕಡೆಗೆ ಕರೆದೊಯ್ಯುವಾಗ ಅವರು ಜಾಕೆಟ್ಟಿನ ಸಮೇತ ಓಡಿಹೋದರು. ಪುಸ್ತಕದಲ್ಲಿ ಸಹಿ ಹಾಕಲೂ ಇಲ್ಲ.

ನವರಾತ್ರಿಗೆ ಇಪ್ಪತ್ತೈದು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಸಂಪನ್ನಯ್ಯ ಕಟ್ಟೆಯ ಬಳಿ ಮೇಜು ಹಾಕಿಕೊಂಡು, ದಪ್ಪನೆಯ ಪ್ರವಾಸಿ ಪುಸ್ತಕವನ್ನು ಎದುರಿಗಿಟ್ಟು ಕೂತಿದ್ದ. ನೂರೆಂಟು ಹಾಳೆ, ಎಲ್ಲವೂ ಹಾಲಿನಂತೆ ಬಿಳಿ. ಬತ್ತಿದ ಹೊಳೆಗಳು ಅವನ ಕಣ್ಣ ಮುಂದೆ ಹರಿದಿರಬೇಕು. ತಡೆಯಲಾರದೆ, ಪೆನ್ನು ತೆಗೆದು ಮೊದಲ ಸಾಲಿನಲ್ಲಿ ತನ್ನ ಹೆಸರನ್ನೇ ಬರೆದುಕೊಂಡ.

ಕೊಡ ಹೊತ್ತು ಹೋಗುತ್ತಿದ್ದ ಮಂಚಮ್ಮ ನಿಂತಳು. ಹರಿಗೋಲಿಗೆ ಮುದ್ರೆ ಒತ್ತಿದವನೇ ಇರಬಹುದು. ಆದರೂ ಊರಿಗೆ ಬಂದವನು. ಬಂದವನು ಒಬ್ಬನೇ ಕೂತು ಏನೋ ಬರೆಯುತ್ತಿದ್ದಾನೆ. ಅವಳಿಗೆ ನೋಡಲಾಗಲಿಲ್ಲ. ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಪೆನ್ನು ಇಸಿದುಕೊಂಡು ಎರಡನೆಯ ಸಾಲಿನಲ್ಲಿ ‘ಮಂಚಮ್ಮ’ ಎಂದು ಬರೆದಳು.

“ಏನಮ್ಮಾ ಇದು?” ಎಂದ ಸಂಪನ್ನಯ್ಯ.

“ಒಬ್ರೇ ಬರೀತಿದ್ರಿ. ಜೊತೆ ಕೊಟ್ಟೆ.”

ಅಷ್ಟರಲ್ಲಿ ಜವರಪ್ಪ ಕಟ್ಟೆಯಿಂದ ಇಳಿದು ಬಂದು ಮೂರನೆಯ ಸಾಲಿನಲ್ಲಿ ಬರೆದ. ಬಟ್ಟೆ ಒಗೆಯುತ್ತಿದ್ದ ನಾಲ್ವರು ಬಂದು ಒದ್ದೆ ಕೈಯಲ್ಲೇ ಹೆಬ್ಬೆಟ್ಟು ಒತ್ತಿದರು. ಸಂಪನ್ನಯ್ಯ ಸಾಲುಗಳನ್ನು ನೋಡಿದ, ಊರನ್ನು ನೋಡಿದ. ನಾನೂರ ಹನ್ನೆರಡನ್ನು ಇಪ್ಪತ್ತೈದರಿಂದ ಗುಣಿಸಿದ. ಮತ್ತೊಮ್ಮೆ ಗುಣಿಸಿದ. ಅವನ ಮುಖದಲ್ಲಿ ಹೊಳೆ ಹರಿಯಿತು.

“ಮಂಚಮ್ಮ,” ಎಂದ ಮೆಲ್ಲಗೆ, “ಊರಿನವರೆಲ್ಲ ದಿನಕ್ಕೊಂದು ಸಲ ಹೀಗೆ ಜೊತೆ ಕೊಡಬಹುದೇ?”

“ನನ್ ಅರಿಗೋಲು?”

“ಹತ್ತು ಸಾವಿರ ಆಗಲಿ. ಹತ್ತು ಸಾವಿರದನೆಯ ಸಾಲಿನಲ್ಲಿ ನಿನ್ನ ಹೆಸರೇ ಬರುವಂತೆ ನೋಡಿಕೊಳ್ಳುತ್ತೇನೆ. ಮಹಾರಾಜರು ವರ ಕೊಡುತ್ತಾರಲ್ಲ, ಹರಿಗೋಲನ್ನೇ ಕೇಳು. ನನ್ನ ಮುದ್ರೆ ತೆಗೆಯಲು ನನಗಿಂತ ದೊಡ್ಡವರು ಬೇಕು.”

ಮಂಚಮ್ಮ ಮನೆಮನೆಗೆ ಹೋದಳು. ಹೆಚ್ಚೇನೂ ಹೇಳಬೇಕಾಗಲಿಲ್ಲ. ನೆಂಟ ಒಬ್ಬನೇ ಬರೆಯುತ್ತಿದ್ದಾನೆ ಎಂದರೆ ಸಾಕಾಗಿತ್ತು. ಮರುದಿನದಿಂದ ಸುಮ್ಮಗೆರೆಯವರು ಸುಮ್ಮಗೆರೆಗೆ ಬರತೊಡಗಿದರು. ಬಂದವರಿಗೆ ಸಂಪನ್ನಯ್ಯ ‘ಪ್ರವಾಸಿ’ ಎಂದು ಬರೆದ ಬ್ಯಾಡ್ಜ್ ಚುಚ್ಚಿ, ಕೆಂಪು ಟೋಪಿ ಹಾಕುತ್ತಿದ್ದ. ಟೋಪಿ ಚೆನ್ನಾಗಿತ್ತು; ಬಿಸಿಲಿಗೆ ಅನುಕೂಲವಾಯಿತು. ‘ಎಲ್ಲಿಂದ ಬಂದಿರಿ’ ಎಂಬಲ್ಲಿ ಎಲ್ಲರೂ ‘ಮನೆಯಿಂದ’ ಎಂದು ಬರೆದರು. ‘ಬಂದ ಕಾರಣ’ ಎಂಬಲ್ಲಿ ‘ಕರೆದರು’. ‘ಅಭಿಪ್ರಾಯ’ ಎಂಬಲ್ಲಿ ಜವರಪ್ಪ ‘ಮೊದಲು ಚೆನ್ನಾಗಿತ್ತು’ ಎಂದು ಬರೆದ. ಸಂಪನ್ನಯ್ಯ ವರದಿ ಕಳಿಸುವಾಗ ಅದನ್ನು ‘ಮೊದಲ ನೋಟದಲ್ಲೇ ಚೆನ್ನಾಗಿತ್ತು’ ಎಂದು ತಿದ್ದಿದ.

ಅಂಕಿ ಏರುತ್ತಿದ್ದಂತೆ ರಾಜಧಾನಿಯಲ್ಲಿ ಸಂಭ್ರಮವೆದ್ದಿತು. ನವರಾತ್ರಿಗೆ ವಾರವಿರುವಾಗ ವಿಹಾರಮಂತ್ರಿ ದುಂದುಭಿರಾಯರು ಪ್ರಗತಿ ಪರಿಶೀಲನೆಗೆ ಬಂದರು. ಬೀದಿ ತುಂಬ ಕೆಂಪು ಟೋಪಿ. ಮಂತ್ರಿಗಳ ಎದೆಯುಬ್ಬಿತು. ಆಮೇಲೆ ಒಂದು ಸಂದೇಹ ಬಂತು.

“ಎಲ್ಲ ಸರಿ ಸಂಪನ್ನಯ್ಯ. ಪ್ರವಾಸಿಗರು ಇಷ್ಟೊಂದಿದ್ದಾರೆ, ಸ್ಥಳೀಯರು ಎಲ್ಲಿ?”

ಸಂಪನ್ನಯ್ಯ ಕಡತವನ್ನು ಎದೆಗೆ ಒತ್ತಿಕೊಂಡ. “ಸ್ಥಳೀಯರು... ಸ್ವಲ್ಪ ವಿರಳ, ಮಹಾಸ್ವಾಮಿ.”

“ವಿರಳವೆಂದರೆ?”

“ಹುಡುಕಿದರೂ ಸಿಗುವುದಿಲ್ಲ.”

“ಅನ್ಯಾಯ. ಪ್ರವಾಸಿಗರು ನೋಡುವುದು ಏನನ್ನು? ಮುಗ್ಧ ಗ್ರಾಮಸ್ಥರಿಲ್ಲದ ಕೆರೆಯಂಚು ಬರೀ ಒದ್ದೆ ನೆಲ. ಮಹಾರಾಜರು ಬಂದಾಗ ಯಾರು ನಗುನಗುತ್ತ ಕೈಬೀಸುತ್ತಾರೆ?”

ಹತ್ತಿರದಲ್ಲೇ ನೀರು ಸುರಿಯುತ್ತಿದ್ದ ಮಂಚಮ್ಮ ಮುಂದೆ ಬಂದಳು. “ನಾವೇ ಇದ್ದೀವಲ್ಲ ಬುದ್ಧಿ.”

ದುಂದುಭಿರಾಯರು ಅವಳ ಬ್ಯಾಡ್ಜನ್ನು ಓದಿ ಸೌಜನ್ಯದಿಂದ ನಕ್ಕರು. “ನೀವು ನಮ್ಮ ಗೌರವಾನ್ವಿತ ಅತಿಥಿಗಳು ತಾಯಿ. ನಿಮಗೇಕೆ ಆ ತೊಂದರೆ?”

“ನಾನು ಈ ಊರೋಳೇ. ಅಗೋ ಅದೇ ನನ್ ಮನೆ.”

ಮಂತ್ರಿಗಳು ಪುಸ್ತಕ ತರಿಸಿದರು. ಹಾಳೆ ತಿರುವಿದರು. “ಇಲ್ಲಿ ಹದಿನೆಂಟು ದಿನ ಹದಿನೆಂಟು ಸಲ ಬಂದಿದ್ದೀರಿ. ಎಲ್ಲ ಸಹಿಯೂ ನಿಮ್ಮದೇ ತಾನೆ?”

“ನಂದೇ.”

“ತನ್ನ ಊರಿಗೆ ಯಾರಾದರೂ ಹದಿನೆಂಟು ಸಲ ಬರುತ್ತಾರೆಯೇ ತಾಯಿ? ಈ ಊರಿನ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಎಷ್ಟೋ ಪ್ರವಾಸಿಗರಿಗೆ ಹೀಗಾಗುತ್ತದೆ.”

ಮಂಚಮ್ಮ ಸಂಪನ್ನಯ್ಯನ ಮುಖ ನೋಡಿದಳು. ಅವನು ಆಕಾಶ ನೋಡುತ್ತಿದ್ದ. ಅಲ್ಲಿ ಒಂದು ಬೆಳ್ಳಕ್ಕಿಯೂ ಇರಲಿಲ್ಲ.

ಎರಡು ದಿನದಲ್ಲಿ ರಾಜಧಾನಿಯಿಂದ ಸ್ಥಳೀಯರು ಬಂದಿಳಿದರು. ಅರಮನೆಯ ವಾದ್ಯಗಾರರು, ಹೊಗಳುಭಟರು, ನರ್ತಕಿಯರು, ಎಲ್ಲ ಸೇರಿ ನೂರು ಮಂದಿ. ಪ್ರತಿಯೊಬ್ಬರ ಕೈಯಲ್ಲಿ ‘ಸ್ಥಳೀಯರ ಕೈಪಿಡಿ’ ಎಂಬ ಪುಸ್ತಿಕೆ. ಸ್ಥಳೀಯರು ಮನೆಗಳಲ್ಲಿ ಇರಬೇಕಾದದ್ದು ಸಹಜವಾದ್ದರಿಂದ ಮನೆಗಳನ್ನು ಅವರಿಗೆ ಬಿಡಿಸಿಕೊಡಲಾಯಿತು. ಪ್ರವಾಸಿಗರಿಗೆ ದಿಬ್ಬದ ಮೇಲೆ ಬಣ್ಣಬಣ್ಣದ ಡೇರೆ ಹಾಕಿದರು. ಜವರಪ್ಪನ ಮನೆ ಅರಮನೆಯ ನಗಾರಿಯವನೊಬ್ಬನಿಗೆ ಹೋಯಿತು; ಅವನು ಜವರಪ್ಪನ ಕಟ್ಟೆಯ ಮೇಲೂ ಕೊಕ್ಕೆಯಿಲ್ಲದ ಗಾಳ ಹಿಡಿದು ಕೂತ. ಮಂಚಮ್ಮನ ಮನೆ ಲಲಿತಲತೆ ಎಂಬ ನರ್ತಕಿಯ ಪಾಲಿಗೆ ಬಂತು. ಆಕೆ ಬಾಗಿಲಲ್ಲಿ ಕೂತು ಖಾಲಿ ಒರಳನ್ನು ತಾಳಬದ್ಧವಾಗಿ ಕುಟ್ಟುತ್ತಿದ್ದಳು.

“ಇರ್ಲಿ ಬುಡು ಮಂಚಕ್ಕ,” ಎಂದ ಜವರಪ್ಪ ಡೇರೆಯ ಬಾಗಿಲಲ್ಲಿ. “ರಾಜರು ಬಂದೋಗೋಗಂಟ ತಾನೆ. ನಿಂಗೆ ಅರಿಗೋಲು ಸಿಕ್ಕುದ್ರೆ ಸಾಕು.”

“ನಿನ್ ಕಟ್ಟೆ ಮ್ಯಾಲೆ ಕೂತವ್ನೆ ನೋಡು, ಬೆನ್ನು ನೆಟ್ಟಗೆ ಇಟ್ಕೊಂಡು ಕೂತವ್ನೆ.”

“ಅದೇ ನಂಗೂ ಸಂಕಟ,” ಎಂದ ಜವರಪ್ಪ. “ಹಂಗೆ ಕೂತ್ರೆ ಮೀನಿಗೆ ಅನುಮಾನ ಬತ್ತದೆ.”

ನವರಾತ್ರಿಯ ಮೊದಲ ದಿನ ಮಹಾರಾಜರು ಆನೆಯ ಮೇಲೆ ಬಂದರು. ಬೀದಿಯಲ್ಲಿ ಸ್ಥಳೀಯರು ಕೈಪಿಡಿಯ ನಾಲ್ಕನೆಯ ಪುಟದಂತೆ ನಕ್ಕರು. ಐದನೆಯ ಪುಟದಂತೆ ಕೈಬೀಸಿದರು. ಧ್ವನಿವರ್ಧಕಗಳು ಮೌನವನ್ನು ಘೋಷಿಸಿದವು. ಸಂಪನ್ನಯ್ಯ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ಹತ್ತು ಸಾವಿರದನೆಯ ಸಾಲಿನಲ್ಲಿ ಎಲ್ಲರೆದುರಿಗೆ ಮಂಚಮ್ಮ ಸಹಿ ಹಾಕಿದಳು. ತಮಟೆ ಮೊಳಗಿತು. ಮಹಾರಾಜರು ಅವಳ ಕೆಂಪು ಟೋಪಿಯ ಮೇಲೆಯೇ ತಗಡಿನ ಕಿರೀಟವನ್ನಿಟ್ಟು ‘ಪ್ರವಾಸಿರತ್ನ’ ಎಂದು ಕರೆದರು.

“ನಮ್ಮ ರಾಜ್ಯ ಹೇಗಿದೆ?” ಎಂದು ಕೇಳಿದರು. ಹೊರಗಿನಿಂದ ಬಂದವರನ್ನು ಹಾಗೆ ಕೇಳುವುದು ಅವರ ಪದ್ಧತಿ.

“ಅದೆ ಬುದ್ಧಿ,” ಎಂದಳು ಮಂಚಮ್ಮ.

ಮಹಾರಾಜರು ಆಕಳಿಸಿದರು. ಆ ಎರಡು ಗಂಟೆಯ ನಿದ್ದೆಯ ಮೇಲೆ ಅವರಿಗೆ ಮತ್ತೆ ನಿದ್ದೆ ಬಂದಿರಲಿಲ್ಲ. ಸುಮ್ಮಗೆರೆಯ ಪ್ರಗತಿ ವರದಿಗಳನ್ನು ಓದುವುದರಲ್ಲೇ ಬೆಳಗಾಗುತ್ತಿತ್ತು. ಮಂಚಮ್ಮನೂ ಆಕಳಿಸಿದಳು.

“ಈ ಆಕಳಿಕೆಯನ್ನು ನಾವು ಹಿಂದೆ ಎಲ್ಲೋ ಕೇಳಿದ್ದೇವೆ,” ಎಂದರು ಮಹಾರಾಜರು ಯೋಚಿಸುತ್ತ.

ದುಂದುಭಿರಾಯರು ಬಾಗಿದರು. “ತಮ್ಮ ಆಕಳಿಕೆಯ ಪ್ರತಿಧ್ವನಿ ಮಹಾಪ್ರಭು. ಈ ಕೆರೆಯ ವಿಶೇಷ.”

“ಆಗಲಿ. ಪ್ರವಾಸಿರತ್ನವೇ, ವರ ಕೇಳು.”

ಮಂಚಮ್ಮ ಇಪ್ಪತ್ತೈದು ದಿನ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದಳು. “ನನ್ ಅರಿಗೋಲು ನೀರಿಗೆ ಬುಡುಸ್ಬೇಕು ಬುದ್ಧಿ. ಅಗೋ ಅಲ್ಲಿ ಬೋರಲು ಬಿದ್ದದೆ.”

ಮಹಾರಾಜರು ನೋಡಿದರು. ದಡದಲ್ಲಿ ಬೋರಲು ಬಿದ್ದಿದ್ದ ಆ ಕಪ್ಪು ಬುಟ್ಟಿಯನ್ನು ಕಂಡು ಅವರ ಕಣ್ಣು ಅರಳಿತು. “ಇದರಲ್ಲೇ ಅಲ್ಲವೇ ನಾವು ಏನೂ ಮಾಡದೆ ಇದ್ದದ್ದು? ಇದಕ್ಕೆ ಮುದ್ರೆ ಹಾಕಿದವರು ಯಾರು? ಈಗಲೇ ತೆಗೆಯಿರಿ. ಇದು ಇನ್ನು ಮೇಲೆ ನಮ್ಮ ರಾಜ್ಯದ ಸಾಂಸ್ಕೃತಿಕ ಪರಂಪರೆ.”

ಅರಗು ಒಡೆಯಿತು. ಹರಿಗೋಲು ನೀರಿಗಿಳಿಯಿತು. ಅಷ್ಟು ದಿನ ನೀರು ಕುಡಿಸಿದ್ದಕ್ಕೆ ಒಂದು ದಬ್ಬೆಯೂ ಬಿರಿದಿರಲಿಲ್ಲ. ಮಂಚಮ್ಮ ಸೆರಗು ಕಟ್ಟಿಕೊಂಡು ಓಡಿಬಂದು ಹುಟ್ಟಿಗೆ ಕೈ ಹಾಕಿದಳು.

“ತಾಯಿ, ಒಂದು ನಿಮಿಷ,” ಎಂದರು ದುಂದುಭಿರಾಯರು. “ಪರಂಪರೆಯನ್ನು ಸ್ಥಳೀಯರೇ ನಡೆಸಬೇಕು. ನಿಯಮ ಹದಿನಾಲ್ಕು. ಪ್ರವಾಸಿಗರು ಅನುಭವಿಸಬೇಕು. ನೀವು ಕೇಳಿದಂತೆ ಹರಿಗೋಲು ನೀರಿಗೆ ಬಿದ್ದಿದೆಯಲ್ಲ, ಇನ್ನೇನು ಬೇಕು?” ಎಂದು ಹುಟ್ಟನ್ನು ಅವಳ ಕೈಯಿಂದ ಮೆತ್ತಗೆ ಬಿಡಿಸಿ ಲಲಿತಲತೆಗೆ ಕೊಟ್ಟರು. ಆಕೆ ಅದನ್ನು ತಂಬೂರಿಯಂತೆ ಹಿಡಿದಳು.

ಮಹಾರಾಜರು ಹತ್ತಿ ಕೂತರು. ಲಲಿತಲತೆ ಹುಟ್ಟು ಹಾಕಿದಳು. ಹರಿಗೋಲು ಇದ್ದಲ್ಲೇ ಗರಗರ ತಿರುಗತೊಡಗಿತು. ಒಂದೇ ಕಡೆ ಹುಟ್ಟು ಹಾಕಿದರೆ ಅದು ಇನ್ನೇನು ಮಾಡೀತು. ದಡದ ಮೇಲೆ ನಾನೂರ ಹನ್ನೆರಡು ಮಂದಿ ಉಸಿರು ಬಿಗಿಹಿಡಿದು ನೋಡಿದರು.

“ಎಂಥ ವೇಗ,” ಎಂಬ ಮಹಾರಾಜರ ಧ್ವನಿ ನೀರಿನ ಮೇಲೆ ತೇಲಿಬಂತು. “ಹಿಂದಿನ ಸಲ ಇದು ಬಹಳ ನಿಧಾನವಿತ್ತು.”

“ತಮ್ಮ ಆಳ್ವಿಕೆಯಲ್ಲಿ ಎಲ್ಲವೂ ಸುಧಾರಿಸಿದೆ ಮಹಾಪ್ರಭು,” ಎಂದರು ಅದೇ ಹರಿಗೋಲಿನ ಇನ್ನೊಂದು ಮಗ್ಗುಲನ್ನು ತಬ್ಬಿಕೊಂಡಿದ್ದ ದುಂದುಭಿರಾಯರು.

ಇಪ್ಪತ್ತು ಸುತ್ತಾದ ಮೇಲೆ ಮಹಾರಾಜರು ತಲೆತಿರುಗಿ ಒರಗಿದರು. ಅದನ್ನು ನಿದ್ದೆಯೆಂದು ವೈದ್ಯರು ದೃಢೀಕರಿಸಿದರು. ಅಭಿಯಾನ ಯಶಸ್ವಿಯಾಯಿತು. ದುಂದುಭಿರಾಯರಿಗೆ ‘ವಿಹಾರಭೂಷಣ’ ಬಿರುದು ಬಂತು. ಸಂಪನ್ನಯ್ಯನಿಗೆ ಬಡ್ತಿ ಬಂತು: ಸುಮ್ಮಗೆರೆಯ ಹೆಬ್ಬಾಗಿಲಿನ ಅಧಿಕಾರಿಯಾದ. ಹೆಬ್ಬಾಗಿಲು ಎಂಬುದು ಅಲ್ಲಿಯವರೆಗೆ ಇರಲಿಲ್ಲ. ಬಡ್ತಿ ಬಂದಮೇಲೆ ಕಟ್ಟಿಸಿದರು.

ನವರಾತ್ರಿಯ ಮೂರನೆಯ ದಿನದ ಸಂಜೆ ಸಂಪನ್ನಯ್ಯ ಡೇರೆಗಳ ಮುಂದೆ ನಿಂತು ಸೀಟಿ ಊದಿದ. ಮುಖ ಬಾಡಿತ್ತು, ಆದರೂ ಊದಿದ. “ಕೊನೆಯ ಸಹಿ ಹಾಕಿ ಮೂರು ದಿನ ಮುಗಿಯಿತು. ದಯವಿಟ್ಟು ಎಲ್ಲರೂ ಹೊರಡಬೇಕು.”

“ಎಲ್ಗೆ ಓಗಾನ ಸ್ವಾಮಿ?” ಎಂದು ಕೇಳಿದ ಜವರಪ್ಪ.

“ಬಂದಲ್ಲಿಗೆ. ಪುಸ್ತಕದಲ್ಲಿ ‘ಮನೆಯಿಂದ’ ಎಂದು ಬರೆದಿದ್ದೀರಿ. ಮನೆಗೆ ಹೋಗಿ.”

“ಮನೇಲಿ ನಗಾರಿಯೋನು ಅವ್ನಲ್ಲ.”

ಸಂಪನ್ನಯ್ಯ ಕಡತ ತೆರೆದು ನಿಯಮಗಳ ಮೇಲೆ ಬೆರಳಾಡಿಸಿದ. ಆಮೇಲೆ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. “ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಹೊಸ ಪ್ರವಾಸಿ ಅಂತ ಲೆಕ್ಕ. ಪ್ರವೇಶ ಶುಲ್ಕ ಮಾತ್ರ ಕೊಡಬೇಕಾಗುತ್ತದೆ.”

ಅಂದಿನಿಂದ ಮೂರು ದಿನಕ್ಕೊಮ್ಮೆ ನಾನೂರ ಹನ್ನೆರಡು ಮಂದಿ ಗಂಟುಮೂಟೆ ಹೊತ್ತು, ಕೋಳಿ ಕುರಿ ಹಿಡಿದುಕೊಂಡು ಹೆಬ್ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಹೊರಗಿನ ಹುಣಸೆ ಮರದ ಕೆಳಗೆ ತುಸು ಕೂತು, ದುಡ್ಡು ಕೊಟ್ಟು ಒಳಗೆ ಬರುತ್ತಾರೆ. ಜವರಪ್ಪ ‘ಮೀನುಗಾರಿಕಾ ಅನುಭವ’ದ ಚೀಟಿ ಕೊಂಡು ತನ್ನದೇ ಗಾಳವನ್ನು ಬಾಡಿಗೆಗೆ ಪಡೆಯುತ್ತಾನೆ, ಕಟ್ಟೆಯ ಕೆಳಗೆ ಕೂತು ಮೇಲಿನ ನಗಾರಿಯವನಿಗೆ ಬೆನ್ನು ಬಾಗಿಸುವುದನ್ನು ಕಲಿಸುತ್ತಾನೆ. ಸುಮ್ಮಗೆರೆಯ ಅಂಕಿ ಲಕ್ಷ ದಾಟಿತು. ಒಮ್ಮೆ ಬಂದವರೆಲ್ಲ ತಪ್ಪದೆ ಮತ್ತೆ ಬರುವ ರಾಜ್ಯದ ಏಕೈಕ ಊರೆಂದು ಅದಕ್ಕೆ ಫಲಕ ಕೊಟ್ಟರು. ಆ ಯಶಸ್ಸನ್ನು ಕಂಡು ಉಳಿದ ಕೆರೆಯಂಚಿನ ಊರುಗಳಿಗೂ ಅಭಿಯಾನವನ್ನು ವಿಸ್ತರಿಸಿದರು. ಆಮೇಲೆ ಕೆರೆಯಿಲ್ಲದ ಊರುಗಳಿಗೂ. ಬರಬರುತ್ತ ವೈಭೋಗಪುರದಲ್ಲಿ ಪ್ರಜೆ ಎಂಬುವವರು ಯಾರೂ ಉಳಿಯಲಿಲ್ಲ, ಎಲ್ಲರೂ ಪ್ರವಾಸಿಗರೇ ಆದರು. ಮಹಾರಾಜರ ಆಸ್ಥಾನಕ್ಕೆ ದೂರುಗಳು ಬರುವುದು ನಿಂತಿತು. ಮೂರು ದಿನಕ್ಕೆಂದು ಬಂದವನು ಚರಂಡಿಯ ಬಗ್ಗೆ ಯಾಕೆ ದೂರು ಕೊಟ್ಟಾನು?

ಮಂಚಮ್ಮ ಪ್ರತಿ ಸಲವೂ ಒಳಗೆ ಬಂದವಳೇ ‘ಪಾರಂಪರಿಕ ಜಲವಿಹಾರ, ಅರ್ಧ ಗಂಟೆ’ ಎಂಬ ಚೀಟಿ ಕೊಳ್ಳುತ್ತಾಳೆ. ಲಲಿತಲತೆಗೆ ಅವಳನ್ನು ಕಂಡರೆ ಜೀವ ಬಂದಂತಾಗುತ್ತದೆ. ಆಕೆಗೆ ನೀರೆಂದರೆ ಭಯ. ಕೆರೆಗೆ ಇಳಿದು, ಫ್ಲೆಕ್ಸಿನ ಮರೆಗೆ ಬಂದ ಮೇಲೆ ಮಂಚಮ್ಮ ಹುಟ್ಟನ್ನು ತೆಗೆದುಕೊಳ್ಳುತ್ತಾಳೆ. ಹರಿಗೋಲು ತಿರುಗುವುದನ್ನು ನಿಲ್ಲಿಸಿ ಮುಂದಕ್ಕೆ ಸಾಗುತ್ತದೆ. ಆಗ ಲಲಿತಲತೆ ಕೈಪಿಡಿ ತೆರೆದು ನೋಡಿ, ಅಳುಕುತ್ತ ತನ್ನ ಕೈಯನ್ನೂ ಹುಟ್ಟಿನ ಮೇಲಿಡುತ್ತಾಳೆ.

“ಯಾಕವ್ವ?” ಎಂದು ಕೇಳಿದ್ದಳು ಮಂಚಮ್ಮ ಮೊದಲ ಸಲ.

“ಬಂದವರು ಏನು ಮಾಡಿದರೂ ಒಬ್ಬರೇ ಮಾಡುವಂತೆ ಬಿಡಬಾರದಂತೆ ಅಮ್ಮ. ಇಲ್ಲಿಯ ಕಟ್ಟಳೆ. ಹನ್ನೆರಡನೆಯ ಪುಟದಲ್ಲಿದೆ.”

ಮಂಚಮ್ಮ ಆಚೆ ದಡದ ಕಡೆಗೆ ಮುಖ ಮಾಡಿ ಹುಟ್ಟು ಹಾಕಿದಳು. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಪ್ರತಿ ಸಲವೂ ಅರ್ಧ ಗಂಟೆ ಮುಗಿದು ಸೀಟಿ ಕೇಳಿಸುತ್ತದೆ.

ದಡಕ್ಕೆ ಬಂದ ಮೇಲೆ ಪುಸ್ತಕ ಮುಂದಿಡುತ್ತಾರೆ. ಮೊದಮೊದಲು ಅವಳು ಅಭಿಪ್ರಾಯದ ಜಾಗವನ್ನು ಖಾಲಿ ಬಿಡುತ್ತಿದ್ದಳು. ಖಾಲಿ ಬಿಡುವಂತಿಲ್ಲ ಎಂದು ಸಂಪನ್ನಯ್ಯ ಒಂದು ದಿನ ನೆಲ ನೋಡುತ್ತ ಹೇಳಿದ. ಅವಳು ಪೆನ್ನು ಹಿಡಿದು, ಸ್ವಲ್ಪ ಹೊತ್ತು ತನ್ನ ಮನೆಯ ಕಡೆ ನೋಡಿ, ಬರೆದಳು: ‘ಚೆನ್ನಾಗದೆ. ಇಲ್ಲೇ ಇದ್ಬುಡಾನ ಅನ್ನಿಸ್ತದೆ.’

ವಿಹಾರ ಇಲಾಖೆಗೆ ಆ ಮಾತು ಬಹಳ ಹಿಡಿಸಿತು. ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕಿರೀಟ ತೊಟ್ಟ ಮಂಚಮ್ಮನ ಫೋಟೋದ ಕೆಳಗೆ, ರಾಜ್ಯದ ಎಲ್ಲ ಹೆಬ್ಬಾಗಿಲುಗಳಿಗೂ ತೂಗುಹಾಕಿದ್ದಾರೆ. ಸುಮ್ಮಗೆರೆಯ ಹೆಬ್ಬಾಗಿಲಿನಲ್ಲೂ ಒಂದಿದೆ. ಮೂರು ದಿನಕ್ಕೊಮ್ಮೆ ಗಂಟು ಹೊತ್ತು ಹೊರಗೆ ಹೋಗುವಾಗ ಮಂಚಮ್ಮ ಅದರ ಕೆಳಗೆ ತಲೆ ತಗ್ಗಿಸಿ ದಾಟುತ್ತಾಳೆ. ಅದನ್ನು ಸ್ವಲ್ಪ ಕೆಳಗೇ ಕಟ್ಟಿದ್ದಾರೆ.